ಜಗಳಕ್ಕೊಂದು ಮಂಟಪ

ಚೆನ್ನೈನ ಸೌಕಾರ್‌ಪೇಟೆಯ ಮಿಂಟ್ ಸ್ಟ್ರೀಟ್‌ಗೆ ತಮಿಳಿನಲ್ಲಿ ತಂಗಸಾಲೈ ಎನ್ನುತ್ತಾರೆ. ಹಿಂದೆ ನಾಣ್ಯದ ಟಂಕಸಾಲೆ ಇದ್ದ ಬೀದಿ. ಈಗ ಸೀರೆ, ಬಳೆ, ಪಾತ್ರೆ, ಮಿಠಾಯಿಗಳ ಸಗಟು ವ್ಯಾಪಾರ. ಒಂದು ಅಂಗಡಿಯಲ್ಲಿ ಮಾರ್ವಾಡಿ, ಪಕ್ಕದ್ದರಲ್ಲಿ ಗುಜರಾತಿ, ಎದುರಿಗೆ ತೆಲುಗು, ಬೀದಿಯ ತುಂಬ ತಮಿಳು. ಇಲ್ಲಿ ಕಿವಿಗೆ ಬೀಳುವ ವಾದವೆಂದರೆ ಬೆಲೆಯ ಚೌಕಾಶಿ ಮಾತ್ರ ಎಂದು ಯಾರಾದರೂ ಅಂದುಕೊಂಡರೆ ತಪ್ಪಲ್ಲ. ಆದರೆ ಹತ್ತೊಂಬತ್ತನೇ ಶತಮಾನದ ತಮಿಳು ನಾಡನ್ನೇ ಎರಡು ಬಣ ಮಾಡಿದ ಒಂದು ವಾಗ್ಯುದ್ಧದ ಎರಡು ವಿಳಾಸಗಳೂ ಇದೇ ಸುತ್ತಿನಲ್ಲಿವೆ. ಪೇಟೆಗೆ ಒತ್ತಿಕೊಂಡಿರುವ ಏಳುಕಿಣರು, ಅಂದರೆ ಏಳು ಬಾವಿಯ ಕೇರಿಯಲ್ಲಿ, ಮುಂದೆ ವಳ್ಳಲಾರ್ ಎಂದು ಹೆಸರಾದ ರಾಮಲಿಂಗ ಸ್ವಾಮಿಗಳು (1823–1874) ಬಾಲ್ಯವನ್ನೂ ಯೌವನವನ್ನೂ ಕಳೆದರು. ಯಾಳ್ಪಾಣದಿಂದ, ಅಂದರೆ ಜಾಫ್ನಾದಿಂದ, ಬಂದ ಶೈವ ವಿದ್ವಾಂಸ ಆರುಮುಗ ನಾವಲರ್ (1822–1879) ತಮ್ಮ ವಿದ್ಯಾನುಪಾಲನ ಯಂತ್ರಶಾಲೆ ಎಂಬ ಅಚ್ಚುಕೂಟ ನಡೆಸಿದ್ದು ತಂಗಸಾಲೈ ಬೀದಿಯಲ್ಲಿ. ಇಬ್ಬರೂ ಒಂದೇ ಕಾಲದಲ್ಲಿ ನೆರೆಹೊರೆಯವರಾಗಿದ್ದರು ಎಂದಲ್ಲ. ಅಚ್ಚುಕೂಟ ಕೆಲಸ ಆರಂಭಿಸುವ ಹೊತ್ತಿಗೆ ರಾಮಲಿಂಗರು ಪಟ್ಟಣ ಬಿಟ್ಟು ಚಿದಂಬರದ ಕಡೆಗೆ ಹೋಗಿದ್ದರು. ಆದರೂ ನಡೆದೇ ಮುಟ್ಟಬಹುದಾದಷ್ಟು ಹತ್ತಿರದ ಎರಡು ಮನೆಗಳ ನಡುವೆ ಒಂದು ಜಗುಲಿ ಹಾಕಿ ಕೂರಿಸುವವರು ಸಿಗದೆ ಹೋದದ್ದು ಯೋಚಿಸಬೇಕಾದ ಸಂಗತಿ.

ಜಗಳ ಹುಟ್ಟಿದ್ದು ಒಂದು ಹೆಸರಿನಿಂದ. 1867ರಲ್ಲಿ ರಾಮಲಿಂಗರ ಹಾಡುಗಳನ್ನು ಶಿಷ್ಯ ತೊಳುವೂರು ವೇಲಾಯುಧ ಮುದಲಿಯಾರ್ ‘ತಿರುವರುಟ್ಪಾ’ ಎಂಬ ಹೆಸರಿನಲ್ಲಿ ಅಚ್ಚು ಹಾಕಿಸಿದರು. ‘ಅರುಳ್’ ಎಂದರೆ ದೈವಕೃಪೆ, ‘ಪಾ’ ಎಂದರೆ ಹಾಡು. ತೇವಾರ, ತಿರುವಾಚಕಗಳಂಥ ಪೂಜ್ಯ ಶೈವ ಕೃತಿಗಳಿಗೆ ಸಲ್ಲಬೇಕಾದ ಹೆಸರನ್ನು ಕಣ್ಣೆದುರಿಗೆ ಬದುಕಿರುವ ಒಬ್ಬರ ಹಾಡಿಗೆ ಇಡುವುದು ಸಲ್ಲದು ಎಂದು ನಾವಲರ್ ಆಕ್ಷೇಪ ಎತ್ತಿದರು. ಇದು ಅರುಟ್ಪಾ ಅಲ್ಲ, ‘ಮರುಟ್ಪಾ’ ಎಂದಿತು ಅವರ ಬಣ. ‘ಮರುಳ್’ ಎಂಬ ಮಾತನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಖಂಡನೆಯ ಹೊತ್ತಗೆ ಬಂತು, ಖಂಡನೆಗೆ ಖಂಡನೆ ಬಂತು, ಅದಕ್ಕೊಂದು ಮರುಖಂಡನೆ. 1869ರಲ್ಲಿ ಕಡಲೂರಿನ ಮಂಜಕುಪ್ಪಂ ನ್ಯಾಯಾಲಯಕ್ಕೆ ಮಾನಹಾನಿಯ ದೂರೂ ಹೋಯಿತು. ಇಬ್ಬರೂ ತೀರಿಕೊಂಡ ಮೇಲೂ ಜಗಳ ತೀರಲಿಲ್ಲ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ನಾ. ಕದಿರೈವೇಲ್ ಪಿಳ್ಳೈ ನಾವಲರ ಕಡೆಗೂ, ಮರೈಮಲೈ ಅಡಿಗಳ್ ಮತ್ತು ಮುಸ್ಲಿಂ ತಮಿಳು ವಿದ್ವಾಂಸ ಚೆಯ್ಗುತಂಬಿ ಪಾವಲರ್ ವಳ್ಳಲಾರರ ಕಡೆಗೂ ನಿಂತು ಅದನ್ನು ಮತ್ತೆ ಹೊತ್ತಿಸಿದರು. ಆ ಖಂಡನೆಗಳನ್ನೆಲ್ಲ ಒಟ್ಟುಮಾಡಿದ ಸಂಕಲನವೇ ಈಗ ತಮಿಳಿನಲ್ಲಿ ಒಂದು ದಪ್ಪ ಗ್ರಂಥ.

ಇದರಲ್ಲಿ ಗಮನಿಸಬೇಕಾದದ್ದು ಬೈಗುಳದ ರುಚಿಯನ್ನಲ್ಲ. ಇಬ್ಬರೂ ಭಕ್ತರು, ಇಬ್ಬರೂ ಪಂಡಿತರು. ಸಭ್ಯತೆ ಕಲಿಯದವರಲ್ಲ. ಇಂಥವರೇ ಕೋರ್ಟಿನ ಕಟಕಟೆಯವರೆಗೆ ಹೋದರು ಎಂದರೆ ಕೊರತೆ ಸ್ವಭಾವದಲ್ಲಿ ಇರಲಿಲ್ಲ, ಏರ್ಪಾಡಿನಲ್ಲಿ ಇತ್ತು ಎಂದೇ ಹೇಳಬೇಕು. ವಿವಾದದ ಪ್ರಶ್ನೆ ಏನೆಂದು ಯಾರೂ ಒಂದು ಸಾಲಿನಲ್ಲಿ ಬರೆದು ಇಬ್ಬರ ಒಪ್ಪಿಗೆ ಪಡೆದಿರಲಿಲ್ಲ. ಅರುಟ್ಪಾ ಎಂಬುದು ಒಂದು ಬಗೆಯ ಹಾಡಿನ ಹೆಸರೋ, ನಿರ್ದಿಷ್ಟ ಕೃತಿಗಳಿಗಷ್ಟೇ ಸಂದ ಬಿರುದೋ? ಈ ಎರಡು ಅರ್ಥಗಳನ್ನು ಬೇರ್ಪಡಿಸಿದ್ದರೆ ಅರ್ಧ ಜಗಳ ಅಲ್ಲೇ ಕರಗುತ್ತಿತ್ತು. ಮೇಲಾಗಿ ಹೆಸರಿಟ್ಟದ್ದು ಹಾಡು ಬರೆದವರಲ್ಲ, ಅಚ್ಚು ಹಾಕಿಸಿದವರು. ಏಟು ಬಿದ್ದದ್ದು ಮಾತ್ರ ಹಾಡು ಬರೆದವರಿಗೆ. ಇಬ್ಬರಿಗೂ ಒಪ್ಪಿತವಾದ ಮಧ್ಯಸ್ಥ ಇರಲಿಲ್ಲ. ಯಾವಾಗ ಮುಗಿಸಬೇಕೆಂಬ ಗಡುವೂ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರು ಇನ್ನೊಬ್ಬರ ಮುಖ ನೋಡಿ ಮಾತಾಡಬೇಕಾದ ಒತ್ತಾಯ ಇರಲಿಲ್ಲ. ಭಾರತೀಯರು ಲೈಸೆನ್ಸಿನ ಕಾಟವಿಲ್ಲದೆ ಅಚ್ಚುಕೂಟ ಇಡಬಹುದು ಎಂದು 1835ರ ಕಾಯ್ದೆ ದಾರಿ ತೆರೆದ ಮೇಲೆ ಮದರಾಸಿನಲ್ಲಿ ಮುದ್ರಣ ಅಗ್ಗವಾಗಿತ್ತು, ಚುರುಕಾಗಿತ್ತು. ಸಿಟ್ಟು ಆರುವ ಮೊದಲೇ ಉತ್ತರ ಅಚ್ಚಾಗಿ ಬೀದಿಗೆ ಬರುವ ಸೌಕರ್ಯ ಅದು. ಇವತ್ತಿನ ಕಿಸೆಯೊಳಗಿನ ಯಂತ್ರವನ್ನು ದೂರುವವರು ಆ ಹೊತ್ತಗೆಗಳನ್ನೂ ಒಮ್ಮೆ ನೆನೆಯಬೇಕು.

ವಿಚಿತ್ರವೆಂದರೆ, ಬೇಕಾಗಿದ್ದ ಏರ್ಪಾಡು ಆ ಭಾಷೆಯ ಹಳೆಯ ಕಾವ್ಯದಲ್ಲೇ ಇತ್ತು. ಸಾತ್ತನಾರ್ ಬರೆದ ಬೌದ್ಧ ಕಾವ್ಯ ‘ಮಣಿಮೇಖಲೈ’ಯಲ್ಲಿ ಪುಹಾರ್ ಪಟ್ಟಣದ ಇಂದ್ರೋತ್ಸವಕ್ಕೆ ಡಂಗುರ ಹೊಡೆಯುವವನು ಬೀದಿ ಗುಡಿಸಿ, ತೋರಣ ಕಟ್ಟಿ ಎಂದು ಸಾರುತ್ತ ಸಾರುತ್ತ ಒಂದು ಮಾತು ಸೇರಿಸುತ್ತಾನೆ: ತಂತಮ್ಮ ಮತದ ತತ್ವ ವಾದಿಸುವವರು ಪಟ್ಟಿಮಂಟಪವನ್ನು ಅದರ ರೀತಿನೀತಿ ಅರಿತು ಏರಬೇಕು, ಆಗದವರ ಜೊತೆಗೂ ಸಿಟ್ಟು ಕಲಹಗಳಿಗೆ ಇಳಿಯದೆ ಸರಿದುಹೋಗಬೇಕು. ಸಿಟ್ಟು ಬರುವುದಿಲ್ಲ ಎಂದು ಸಾರುವವನು ನಂಬಿಲ್ಲ. ಬರುತ್ತದೆ ಎಂದು ಗೊತ್ತಿದ್ದೇ ವಾದಕ್ಕೆ ಬೇರೆ ಮಂಟಪವನ್ನೂ ಅದನ್ನು ಏರಲು ಒಂದು ನಿಯಮವನ್ನೂ ಗೊತ್ತುಮಾಡುತ್ತಾನೆ. ಕೃತಿ ಅಚ್ಚಾಗಿ ಸಾಮಾನ್ಯ ಓದುಗರಿಗೆ ಸಿಕ್ಕಿದ್ದು 1898ರಲ್ಲಿ, ಉ.ವೇ. ಸ್ವಾಮಿನಾಥ ಅಯ್ಯರ್ ಸಂಪಾದಿಸಿದ ಮೇಲೆ. ರಾಮಲಿಂಗರೂ ನಾವಲರರೂ ಅಷ್ಟರಲ್ಲಿ ಇರಲಿಲ್ಲ. ಅದೇ ಮಂಟಪದ ಹೆಸರನ್ನು ಹೊತ್ತ ಪಟ್ಟಿಮನ್ರಂ ಇಪ್ಪತ್ತನೇ ಶತಮಾನದಲ್ಲಿ ತಮಿಳಿನ ಅಚ್ಚುಮೆಚ್ಚಿನ ವೇದಿಕೆಯಾಯಿತು. ಎರಡು ಅಣಿ, ಮಧ್ಯೆ ‘ನಡುವರ್’. ಪದವೇ ಹೇಳುವಂತೆ ನಡುವೆ ಕೂರುವವರು. ಕುನ್ರಕ್ಕುಡಿ ಅಡಿಗಳಾರ್ ಅದನ್ನು ಸಾಹಿತ್ಯ ಸಭೆಗಳಲ್ಲಿ ಬೆಳೆಸಿದರು. ಮಧುರೆಯ ಸಾಲಮನ್ ಪಾಪ್ಪಯ್ಯ ಹಬ್ಬದ ದಿನಗಳ ಟಿವಿಯಲ್ಲಿ ಮನೆಮನೆಗೆ ಮುಟ್ಟಿಸಿದರು. ಟಿವಿಗೆ ಬಂದ ಮೇಲೆ ಅತ್ತೆ–ಸೊಸೆ, ಗಂಡ–ಹೆಂಡತಿಯ ನಗೆಹನಿಗಳೇ ಹೆಚ್ಚಾದವು, ತೀರ್ಪು ಇಬ್ಬರಿಗೂ ನೋವಾಗದ ಹಾಗೆ ಜಾರತೊಡಗಿತು ಎಂಬ ದೂರು ಸುಳ್ಳಲ್ಲ. ಆದರೂ ಸಾವಿರಾರು ಜನ ಕೂತು ಎದುರು ಬಣದ ಮಾತನ್ನು ಕೊನೆಯವರೆಗೆ ಕೇಳುವ ಅಭ್ಯಾಸವನ್ನು ಬೇರೆ ಯಾವ ಕಾರ್ಯಕ್ರಮ ಕಲಿಸಿದೆ?

ವಾದಕ್ಕೆ ಏರ್ಪಾಡು ಎಂದಾಗ ಕನ್ನಡ ನಾಡಿನ ಜೈನ ಪರಂಪರೆ ಹೇಳುವ ಒಂದು ಕಥೆಯನ್ನು ಬಿಟ್ಟು ಮುಂದೆ ಹೋಗಲಾಗದು. ಜೈನ ಮನೆಗಳು ತುಂಬಿರುವ ಸೌಕಾರ್‌ಪೇಟೆಗೂ ಅದು ಪರಕೀಯವಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ, ಪಾರ್ಶ್ವನಾಥ ಬಸದಿಯ ಕಂಬದ ಮೇಲೆ 1129ರ ಮಲ್ಲಿಷೇಣ ಪ್ರಶಸ್ತಿ ಇದೆ. ಹಲವು ಜೈನ ವಾದಿಗಳ ಗೆಲುವುಗಳನ್ನು ಸಾಲಾಗಿ ಹೇಳುವ ಆ ಶಾಸನದಲ್ಲಿ ತರ್ಕಪಂಡಿತ ಅಕಳಂಕ, ಹಿಮಶೀತಳ ರಾಜನ ಸಭೆಯಲ್ಲಿ ಬೌದ್ಧರನ್ನು ಗೆದ್ದ ಪ್ರಸಂಗ ಬರುತ್ತದೆ. ಆ ಸಭೆ ಕಂಚಿಯಲ್ಲಿ ನಡೆಯಿತು ಎನ್ನುತ್ತದೆ ಹತ್ತೊಂಬತ್ತನೇ ಶತಮಾನದ ದೇವಚಂದ್ರನ ‘ರಾಜಾವಳೀಕಥೆ’. ಬೇರೆ ಕಥೆಗಳು ಬೇರೆ ಊರು ಹೇಳುತ್ತವೆ. ಕಥೆ ಹೀಗೆ: ಎದುರಾಳಿ ತೆರೆಯ ಹಿಂದೆ ಕೂತು ದಿನಗಟ್ಟಲೆ ಸೋಲದೆ ವಾದಿಸುತ್ತಾನೆ. ನಿಜಕ್ಕೂ ಮಾತಾಡುತ್ತಿದ್ದದ್ದು ಅವನಲ್ಲ, ಒಂದು ಮಡಕೆಯಲ್ಲಿ ಆವಾಹಿಸಿಟ್ಟ ತಾರಾದೇವಿ. ಅಕಳಂಕನಿಗೆ ಗುಟ್ಟು ಸಿಗುತ್ತದೆ: ದೇವತೆ ಒಮ್ಮೆ ಆಡಿದ ಮಾತನ್ನು ಮತ್ತೆ ಆಡುವುದಿಲ್ಲ. ಮರುದಿನ ಅವನು ಹೊಸ ತರ್ಕವನ್ನೇನೂ ಹೂಡಲಿಲ್ಲ. ನಿನ್ನೆ ಹೇಳಿದ್ದನ್ನು ಇನ್ನೊಮ್ಮೆ ಹೇಳು ಎಂದ. ತೆರೆಯ ಹಿಂದೆ ಸದ್ದಿಲ್ಲ. ತೆರೆ ಸರಿಸಿ ಮಡಕೆಯನ್ನು ಒದ್ದ.

ಪವಾಡವನ್ನು ಬದಿಗಿಟ್ಟು ನೋಡಿದರೆ ಇದು ವಾದದ ಒಂದು ನಿಯಮದ ಕಥೆ. ನ್ಯಾಯಸೂತ್ರದ ಐದನೇ ಅಧ್ಯಾಯ ವಾದಿ ಸೋತನೆಂದು ಘೋಷಿಸಬಹುದಾದ 22 ಸಂದರ್ಭಗಳನ್ನು, ಅಂದರೆ ನಿಗ್ರಹಸ್ಥಾನಗಳನ್ನು, ಪಟ್ಟಿ ಮಾಡುತ್ತದೆ. ಅದರಲ್ಲೊಂದು ‘ಅನನುಭಾಷಣ’: ಮೂರು ಸಲ ಹೇಳಿ, ಸಭೆಗೂ ಅರ್ಥವಾದ ಎದುರಾಳಿಯ ಮಾತನ್ನು ತಿರುಗಿ ಹೇಳಲಾಗದಿರುವುದು. ಉತ್ತರ ಕೊಡುವ ಮೊದಲು ಎದುರಾಳಿ ಏನೆಂದ ಎಂಬುದನ್ನು ಒಪ್ಪಿಸು ಎನ್ನುತ್ತದೆ ಆ ನಿಯಮ. ಕಥೆಯಲ್ಲಿ ತಾರೆ ತಡವರಿಸಿದ್ದು ತನ್ನದೇ ಮಾತನ್ನು ಮತ್ತೆ ಹೇಳಬೇಕಾಗಿ ಬಂದಾಗ, ಸೂತ್ರ ಕೇಳುವುದು ಎದುರಾಳಿಯ ಮಾತನ್ನು. ಆದರೆ ಎರಡರ ಗುರಿಯೂ ಒಂದೇ. ಹೇಳಿದ ಮಾತಿಗೆ ಆಡಿದವರು ಸಿಕ್ಕಿಬೀಳಬೇಕು, ಕೇಳಿದವರೂ ಸಿಕ್ಕಿಬೀಳಬೇಕು. ಅದೇ ಶಾಸ್ತ್ರ ತಿಳಿಯಲೆಂದು ನಡೆಯುವ ವಾದ, ಗೆಲ್ಲಲೆಂದು ನಡೆಯುವ ಜಲ್ಪ, ತನ್ನ ಪಕ್ಷವನ್ನೇ ಇಡದೆ ಬರೀ ಕೆಡಹುವ ವಿತಂಡ ಎಂದು ಮೂರು ಗೆರೆ ಎಳೆದಿತ್ತು. ಕನ್ನಡದಲ್ಲಿ ವಿತಂಡವಾದ ಎಂಬ ಬೈಗುಳ ಉಳಿದಿದೆ, ಜಲ್ಪ ಎಂಬ ಎಚ್ಚರಿಕೆ ಮರೆತುಹೋಗಿದೆ. ನಮ್ಮ ಹೆಚ್ಚಿನ ಸಾರ್ವಜನಿಕ ಚರ್ಚೆ ಜಲ್ಪವೇ ಹೊರತು ವಿತಂಡವೂ ಅಲ್ಲ. ಚರಕಸಂಹಿತೆಯೂ ವೈದ್ಯರ ಚರ್ಚೆಯನ್ನು ಸ್ನೇಹದ್ದು, ಹಗೆಯದ್ದು ಎಂದು ಎರಡಾಗಿ ಬಿಡಿಸಿ, ಸ್ನೇಹದ ಚರ್ಚೆಯಲ್ಲಿ ಗೆದ್ದರೆ ಹಿಗ್ಗಬಾರದು, ಗೆದ್ದೆನೆಂದು ಊರಿಡೀ ಹೇಳಿಕೊಳ್ಳಬಾರದು ಎನ್ನುತ್ತದೆ.

ಅಕಳಂಕನ ಕಥೆಗೆ ಇನ್ನೊಂದು ಮುಖವೂ ಇದೆ. ದೇವಚಂದ್ರ ಹೇಳುವಂತೆ ಆ ವಾದದ ಪಣ ಸೋತವರನ್ನು ಗಾಣಕ್ಕೆ ಹಾಕಿ ಅರೆಯುವುದು. ಅಕಳಂಕ ಕೇಳಿಕೊಂಡದ್ದರಿಂದ ಬೌದ್ಧರು ಗಡಿಪಾರಿನಷ್ಟಕ್ಕೆ ಪಾರಾದರು. ಸೋತವರ ಕಡೆಯ ಹೇಳಿಕೆ ನಮಗೆ ಉಳಿದಿಲ್ಲ, ಗೆದ್ದವರ ಕಂಬ ಮಾತ್ರ ಉಳಿದಿದೆ. ಹಾವೇರಿ ಜಿಲ್ಲೆಯ ಅಬಲೂರಿನ ಶಾಸನದಲ್ಲಿ ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಓಲೆಯ ಮೇಲೆ ಬರೆದು ಒಡ್ಡಿದ ಪಣವಂತೂ ತಲೆಯದ್ದೇ. ಅದು ಬಸದಿಯ ಜಿನಬಿಂಬಕ್ಕೆ ಕೈ ಹಾಕುವಲ್ಲಿಗೂ ದೊರೆ ಬಿಜ್ಜಳನ ಜಯಪತ್ರಕ್ಕೂ ಹೋಗಿ ಮುಟ್ಟಿತು. ಇಂಥ ಪಣ ಇಟ್ಟ ಮೇಲೆ ಯಾವ ನಿಯಮ ತಾನೇ ಸಭ್ಯತೆ ಉಳಿಸೀತು? ಸೋತರೆ ಮನೆ, ಮಾನ, ಊರು ಹೋಗುತ್ತದೆ ಎಂದಾದರೆ ಬುದ್ಧಿವಂತ ಮನುಷ್ಯ ಸೋಲನ್ನು ಒಪ್ಪುವುದೇ ಇಲ್ಲ. ಆದ್ದರಿಂದ ಸಭ್ಯ ವಾದವನ್ನು ಏರ್ಪಡಿಸುವವರ ಮೊದಲ ಕೆಲಸ ಸೋಲನ್ನು ಅಗ್ಗ ಮಾಡುವುದು.

ಸೋಲನ್ನು ಅಗ್ಗ ಮಾಡುವ ಕಲೆಯಲ್ಲಿ ಕಾಸರಗೋಡು, ದಕ್ಷಿಣ ಕನ್ನಡ, ಉಡುಪಿಯ ತಾಳಮದ್ದಳೆಯನ್ನು ಮೀರಿಸಿದ್ದು ಕಾಣೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ನಿಲ್ಲುತ್ತದೆ, ಅರ್ಥಧಾರಿ ಕೂತಲ್ಲೇ ಆ ಪಾತ್ರವಾಗಿ ಆಶುವಾಗಿ ಮಾತಾಡುತ್ತಾನೆ, ಎದುರು ಅರ್ಥಧಾರಿ ಉತ್ತರಿಸುತ್ತಾನೆ. ಮಳೆಗಾಲದ ಕೂಟಗಳಲ್ಲಿ ಗಂಟೆಗಟ್ಟಲೆ ನಡೆಯುವ ಈ ಸಂವಾದದ ಬಿಗಿ ಎಲ್ಲಿದೆ ಎಂದರೆ, ಕೊನೆ ಮೊದಲೇ ಗೊತ್ತು. ವಾಲಿ ಸಾಯುತ್ತಾನೆ, ಕೃಷ್ಣನ ಸಂಧಾನ ಮುರಿಯುತ್ತದೆ, ಕರ್ಣ ಬೀಳುತ್ತಾನೆ. ಪ್ರಸಂಗ ಸೋಲಿಸುವುದು ಪಾತ್ರವನ್ನು, ಪಾತ್ರ ಹೇಳಿದವನನ್ನಲ್ಲ. ಹೀಗಾಗಿ ವಾಲಿಯಾದವನು ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ರಾಮನನ್ನು ಎಷ್ಟು ಹರಿತವಾಗಿ ಬೇಕಾದರೂ ಕೇಳಬಹುದು. ಕೇಳುವವನು ಮನೆಯಲ್ಲಿ ನಿತ್ಯ ರಾಮನಿಗೆ ಕೈಮುಗಿಯುವವನೇ ಇರಬಹುದು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರಂಥ ಪಾತ್ರಗಳ ಪರ ಕಟ್ಟುತ್ತಿದ್ದ ವಾದಗಳನ್ನು ಕೇಳಲೆಂದೇ ಜನ ನಿದ್ದೆಗೆಟ್ಟು ಕೂರುತ್ತಿದ್ದರು. ಮಲ್ಪೆ ಶಂಕರನಾರಾಯಣ ಸಾಮಗರು, ರಾಮದಾಸ ಸಾಮಗರಂಥವರು ಎದುರಾದರೆ ರಾತ್ರಿ ಸಾಲುತ್ತಿರಲಿಲ್ಲ. ಇವತ್ತಿನ ರಾಮ ನಾಳೆಯ ಕೂಟದಲ್ಲಿ ವಾಲಿ. ಮಾತು ಎಲ್ಲೆ ಮೀರುತ್ತಿದೆ ಎಂದು ಕಂಡರೆ ಭಾಗವತರು ಗದರುವುದಿಲ್ಲ, ಮುಂದಿನ ಪದ್ಯ ಎತ್ತುತ್ತಾರೆ. ಇಷ್ಟು ಮರ್ಯಾದೆಯಿಂದ ಮಾತು ನಿಲ್ಲಿಸುವ ಉಪಾಯ ಯಾವ ಪಾರ್ಲಿಮೆಂಟಿಗೂ ಹೊಳೆದಿಲ್ಲ. ಪಾತ್ರ ಬಿಟ್ಟು ವ್ಯಕ್ತಿಯ ಮೇಲೆ ಮೊನಚು ತಿರುಗಿಸುವ ಚಾಳಿ ತಾಳಮದ್ದಳೆಯಲ್ಲೂ ಇಲ್ಲವೆಂದಲ್ಲ; ಆದರೆ ಅಲ್ಲಿ ಅದು ಲೋಪ ಎಂದು ಸಭೆಗೇ ಗೊತ್ತಾಗುತ್ತದೆ.

ಇದೆಲ್ಲ ನಾಟಕವಾಯಿತು, ನಂಬದ ಪಕ್ಷವನ್ನು ಹಿಡಿದು ವಾದಿಸುವುದು ಬಾಯಿಚಪಲವಲ್ಲದೆ ಮತ್ತೇನು ಎಂದು ಕೇಳುವವರಿದ್ದಾರೆ. ಹಗುರವಾದ ಆಕ್ಷೇಪವಲ್ಲ. ಆದರೆ ವಾಲಿಯ ಪ್ರಶ್ನೆ ಇಷ್ಟು ಶತಮಾನ ಸಾಯದೆ ಉಳಿದದ್ದು ಅದನ್ನು ಪೂರ್ಣ ಶಕ್ತಿಯಿಂದ ಕೇಳುವವರು ಪ್ರತಿ ತಲೆಮಾರಿನಲ್ಲೂ ಸಿಕ್ಕಿದ್ದರಿಂದ. ರಾಮನನ್ನು ಒಪ್ಪದವರಿಗೆ ಮಾತ್ರ ಆ ಪ್ರಶ್ನೆ ಕೇಳುವ ಹಕ್ಕು ಎಂದಿದ್ದರೆ ಅದು ಎಂದೋ ಬೈಗುಳವಾಗಿ ಮುಗಿಯುತ್ತಿತ್ತು. ಇದಕ್ಕಿಂತ ಭಾರವಾದ ಆಕ್ಷೇಪ, ನಿಯಮಬದ್ಧ ವೇದಿಕೆ ಮಾತು ಬಲ್ಲವರಿಗೆ ಒಲಿಯುತ್ತದೆ ಎನ್ನುವುದು. ಅರ್ಥಗಾರಿಕೆ ಬಹುಕಾಲ ಗಂಡಸರ ಕೈಯಲ್ಲೇ ಇತ್ತು, ಮಹಿಳಾ ತಾಳಮದ್ದಳೆ ತಂಡಗಳು ಬಂದದ್ದು ತಡವಾಗಿ. ಪಾಂಡಿತ್ಯದ ಮಂಟಪಗಳನ್ನು ಯಾರು ಏರಬಹುದಿತ್ತು ಎಂಬ ಪ್ರಶ್ನೆಗೆ ಚರಿತ್ರೆಯ ಉತ್ತರ ಹೆಮ್ಮೆ ತರುವಂಥದ್ದಲ್ಲ. ಒಪ್ಪಲೇಬೇಕು. ಆದರೆ ನಿಯಮ ತೆಗೆದುಹಾಕಿದರೆ ಗೆಲ್ಲುವುದು ಮೆಲುದನಿಯವರಲ್ಲ, ಗಂಟಲು ದೊಡ್ಡದಿರುವವರು. ಏಳು ನಿಮಿಷಕ್ಕೆ ಗಂಟೆ ಬಾರಿಸುವ ಸಭೆಯಲ್ಲಿ ಹೆದರಿಕೆಯವರಿಗೂ ಏಳು ನಿಮಿಷ ಖಾತ್ರಿ. ವೇದಿಕೆಗೆ ಯಾರನ್ನು ಕರೆಯಬೇಕು ಎಂಬುದನ್ನೂ ನಿಯಮದೊಳಗೆ ತರಬೇಕು, ಅಷ್ಟೆ. ಇನ್ನು, ಎಲ್ಲವನ್ನೂ ವಾದಕ್ಕೆ ಇಡಬಹುದೇ? ಇಡಬಾರದು. ಎದುರಿಗೆ ಕೂತವರು ಮನುಷ್ಯರೋ ಅಲ್ಲವೋ ಎಂಬುದು ಪ್ರಶ್ನೆಯಾದ ಕ್ಷಣ ಅವರ ತಲೆಯೇ ಪಣವಾಗುತ್ತದೆ, ಅಬಲೂರಿನ ಓಲೆಯ ಹಾಗೆ. ನಡುವೆ ಕೂರುವವರ ಜಾಣ್ಮೆ ಗೊತ್ತಾಗುವುದು ತೀರ್ಪಿನಲ್ಲಿ ಅಲ್ಲ, ಪ್ರಶ್ನೆಯ ಆಯ್ಕೆಯಲ್ಲಿ.

ಇಂಥ ವಾದದಿಂದ ಏನೂ ತೀರ್ಮಾನವಾಗುವುದಿಲ್ಲ ಎನ್ನುವವರಿಗೆ ಸಂವಿಧಾನ ಸಭೆಯ ಕಡತಗಳಿವೆ. ಅಲ್ಲಿ ಸದಸ್ಯರು ಸೂಚನೆ ಕೊಟ್ಟ ತಿದ್ದುಪಡಿಗಳು ಸುಮಾರು 7,635. ನಿಜಕ್ಕೂ ಮಂಡನೆಯಾದವು 2,473. ಭಾಷೆಯ ಪ್ರಶ್ನೆ ಉತ್ತರ ದಕ್ಷಿಣಗಳನ್ನು ಸೀಳುವಂತಿದ್ದ 1949ರ ಸೆಪ್ಟೆಂಬರ್ 12ರಿಂದ 14ರ ಚರ್ಚೆಯ ಹೊಸ್ತಿಲಲ್ಲೇ ಅಧ್ಯಕ್ಷ ರಾಜೇಂದ್ರ ಪ್ರಸಾದ್ ಸದಸ್ಯರಿಗೆ ಎರಡು ಮಾತು ಹೇಳಿದರು. ನೋಯಿಸುವ ನುಡಿ ಬೇಡ ಎಂಬುದು ಒಂದು. ಇನ್ನೊಂದು ಹೆಚ್ಚು ತೂಕದ್ದು: ಬಹುಮತದಿಂದ ಗೆದ್ದರೂ ಉತ್ತರದಲ್ಲಾಗಲಿ ದಕ್ಷಿಣದಲ್ಲಾಗಲಿ ದೊಡ್ಡದೊಂದು ಜನಭಾಗ ಒಪ್ಪದಿದ್ದರೆ ಆ ನಿರ್ಧಾರವನ್ನು ಜಾರಿಗೆ ತರುವುದು ಕಷ್ಟ. ಗೆಲುವಿನ ಬೆಲೆಯನ್ನೇ ಇಳಿಸಿದ ಮಾತು ಅದು. ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಸಭೆಯ ಬಂಡಾಯಗಾರರನ್ನು ಹೆಸರಿಟ್ಟು ನೆನೆದರು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಆ ಪಟ್ಟಿಯಲ್ಲಿದ್ದರು. ಎಲ್ಲರೂ ಶಿಸ್ತಿಗೆ ತಲೆಯಾಡಿಸಿದ್ದರೆ ಕಲಾಪ ಸಪ್ಪೆಯಾಗುತ್ತಿತ್ತು, ಬಂಡಾಯಗಾರರ ಸಲಹೆಗಳನ್ನು ಒಪ್ಪದಿದ್ದರೂ ತತ್ವಗಳನ್ನು ಬಿಡಿಸಿ ಹೇಳುವ ಅವಕಾಶ ಅವರಿಂದಲೇ ಸಿಕ್ಕಿತು ಎಂಬುದು ಅಂಬೇಡ್ಕರರ ಮಾತಿನ ತಾತ್ಪರ್ಯ. ಕಾಮತರ ತಿದ್ದುಪಡಿ ಬಿದ್ದುಹೋಯಿತು, ಕಾಮತರು ಬೀಳಲಿಲ್ಲ.

ಹಾಗಾದರೆ ಸೌಕಾರ್‌ಪೇಟೆಯಂಥ ಕಡೆ ಇವತ್ತು ಒಂದು ವಾದಸಭೆ ಕಟ್ಟುವುದು ಹೇಗೆ? ಪ್ರಶ್ನೆ ಬೀದಿಯದ್ದೇ ಇರಲಿ: ಮಿಂಟ್ ಸ್ಟ್ರೀಟ್‌ನಲ್ಲಿ ಹಗಲು ಹೊತ್ತು ಗಾಡಿ ಬಿಡಬೇಕೇ ಬೇಡವೇ. ಅಂಗಡಿಯವರು, ಮೂಟೆ ಹೊರುವವರು, ಮೇಲಿನ ಮಹಡಿಗಳಲ್ಲಿ ವಾಸಿಸುವವರು ಎಲ್ಲರೂ ಪಕ್ಷಗಳೇ. ಎರಡು ಬಣಕ್ಕೂ ಒಪ್ಪಿತವಾದ, ಬೀದಿಯಲ್ಲಿ ಸ್ವಂತ ಲಾಭ ಇಲ್ಲದ ಒಬ್ಬರು ನಡುವರ್ ಆಗಲಿ. ಒಮ್ಮೆಯಾದರೂ ಬಣ ಬದಲಿಸಿ, ಅಂಗಡಿಯವರು ಮೂಟೆ ಹೊರುವವರ ಪರವಾಗಿ ಮಾತಾಡಲಿ. ಅಷ್ಟರಲ್ಲಿ ಯಾವ ಭಾಷೆಯಲ್ಲಿ ಎಂಬ ತಕರಾರು ಬಂದೇ ಬರುತ್ತದೆ, ಏಕೆಂದರೆ ಇದು ಐದಾರು ನುಡಿಗಳ ಪೇಟೆ. ಸಂಘಟಕರು ಅದನ್ನು ತೊಡಕೆಂದು ಕೊರಗುತ್ತಾರೆ. ಅಲ್ಲ. ತಮಿಳಿನಲ್ಲಿ ಆಡಿದ್ದನ್ನು ಮಾರ್ವಾಡಿಯವರು ತಮ್ಮ ನುಡಿಯಲ್ಲಿ ತಿರುಗಿ ಹೇಳಿ, ಇದೇ ತಾನೇ ನೀವಂದದ್ದು ಎಂದು ಕೇಳಿ, ಹೌದೆಂಬ ಉತ್ತರ ಪಡೆದ ಮೇಲೆಯೇ ಎದುರುತ್ತರ ಕೊಡಬೇಕಾಗುತ್ತದೆ. ನ್ಯಾಯಸೂತ್ರದ ಅನುಭಾಷಣ ಇಲ್ಲಿ ನಿಯಮವಾಗಿ ಹೇರಬೇಕಾಗಿಲ್ಲ, ಅನಿವಾರ್ಯವಾಗಿ ನಡೆಯುತ್ತದೆ. ಸಗಟು ಅಂಗಡಿಯಲ್ಲಿ ಸರಕು ಕಟ್ಟುವ ಮೊದಲು ಎಷ್ಟು ಡಜನ್, ಯಾವ ದರ, ಎಷ್ಟು ದಿನದ ಉದ್ದರಿ ಎಂದು ಮಾರುವವನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿ ಗಿರಾಕಿಯ ಮುಖ ನೋಡುತ್ತಾನಲ್ಲ, ಹಾಗೆ.